ದೊಡ್ಡಮ್ಮನ ಹೆಬ್ಬೆಟ್ಟು ಮತ್ತು ಒಂದೂವರೆ ಮಿಲಿಮೀಟರ್ ಚರ್ಮ

ತುಂಬಾ ದಿನ ಆಗಿತ್ತು ಇಲ್ಲಿ ಏನಾದ್ರೂ ಬರೆದು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಆದ್ರೆ ಹೋದ ತಿಂಗಳು ಮಂಡಿಕಲ್‌ಗೆ ಹೋಗಿ ಬಂದ ಮೇಲೆ ಒಂದು ವಿಷಯ ತಲೇಲಿ ಕೊರೀತಾನೇ ಇದೆ. ಬರೆದು ಹಾಕಿದ್ರೆ ಸ್ವಲ್ಪ ಹಗುರ ಆಗಬಹುದು ಅಂತ ಕೂತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಮೊದಲೇ ಹೇಳಿಬಿಡ್ತೀನಿ :)

ಮಂಡಿಕಲ್ ಗೊತ್ತಿಲ್ಲದವರಿಗೆ... ಚಿಕ್ಕಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿ ಊರು. ಬೆಂಗಳೂರಿಂದ ಹೈದರಾಬಾದ್ ರಸ್ತೆ ಹಿಡಿದು ಪೆರೇಸಂದ್ರದ ಕಡೆ ಹೋಗಬೇಕು. 2007ರವರೆಗೆ ನಾವೆಲ್ಲ ಕೋಲಾರ ಜಿಲ್ಲೆಯವರು, ಆಮೇಲೆ ಚಿಕ್ಕಬಳ್ಳಾಪುರ ಜಿಲ್ಲೆಯವರಾದ್ವಿ. ಮನೇಲಿ ಅರ್ಧ ತೆಲುಗು ಅರ್ಧ ಕನ್ನಡ, ಹೊಲದಲ್ಲಿ ಹಿಪ್ಪುನೇರಳೆ ಸೊಪ್ಪು, ಅಟ್ಟದ ಮೇಲೆ ರೇಷ್ಮೆ ಹುಳ. ಇದು ನಮ್ಮ ಕಡೆಯ ಸಂಸಾರ.

ನಮ್ಮ ದೊಡ್ಡಮ್ಮ ಅಲ್ಲಿ ಒಬ್ಬರೇ ಇದಾರೆ. ದೊಡ್ಡಪ್ಪ ಹೋಗಿ ಬಹಳ ವರ್ಷ ಆಯ್ತು, ಮಕ್ಕಳು ಬೇರೆ ಬೇರೆ ಊರಲ್ಲಿ. ನಾನು ಹೋದ ದಿನ ಬೆಳಿಗ್ಗೆ ಅವರು ರೇಷನ್ ಚೀಲ ಹಿಡ್ಕೊಂಡು ಹೊರಟಿದ್ರು. ನಾನೂ ಜೊತೇಲಿ ಹೋದೆ. ಅಂಗಡಿ ಯಾವುದು, ಎಲ್ಲಿ ಅಂತ ಹೇಳಲ್ಲ. ಯಾಕಂದ್ರೆ ತಪ್ಪು ಆ ಅಂಗಡಿಯವನದ್ದು ಅಂತ ನನಗೆ ಅನಿಸಿಲ್ಲ. ಅವನೂ ಪಾಪ ಬೆವರು ಒರೆಸಿಕೊಳ್ತಾ ಮೆಷಿನ್ ಜೊತೆ ಗುದ್ದಾಡ್ತಿದ್ದ.

"ಇಡಮ್ಮ ಹೆಬ್ಬೆಟ್ಟು."

ಇಟ್ರು. ಕೀ ಅಂತ ಸದ್ದು ಬಂತು, ಆಗಲಿಲ್ಲ.

"ಒರೆಸಿಕೊಂಡು ಇಡಮ್ಮ."

ಸೆರಗಿಗೆ ಒರೆಸಿಕೊಂಡು ಇಟ್ರು. ಆಗಲಿಲ್ಲ. ಇನ್ನೊಂದು ಕೈ. ಆಗಲಿಲ್ಲ. ತೋರುಬೆರಳು, ನಡುಬೆರಳು... ಆಗ ಹಿಂದೆ ನಿಂತಿದ್ದ ಒಬ್ಬ ಅಜ್ಜಿ "ತಲೆಗೆ ಉಜ್ಜಿಕೊಂಡು ಇಡು ತಾಯಿ" ಅಂದ್ರು. ದೊಡ್ಡಮ್ಮ ಬೆರಳನ್ನ ಬೈತಲೆ ಹತ್ತಿರ ನಾಲ್ಕು ಸಲ ಉಜ್ಜಿ ಇಟ್ರು. ಅದೂ ಆಗಲಿಲ್ಲ. ಹಿಂದೆ ಕ್ಯೂನಲ್ಲಿ ಇದ್ದವರು ಗೊಣಗೋಕೆ ಶುರು ಮಾಡಿದ್ರು. "ನಾಳೆ ಬಾಮ್ಮ" ಅಂದ ಅಂಗಡಿಯವನು.

ಇದು ಮೊದಲ ಸಲ ಅಲ್ಲವಂತೆ. ಹೋದ ತಿಂಗಳೂ ಮೂರು ಸಲ ತಿರುಗಿದ್ರಂತೆ. ವಾಪಸ್ ಬರ್ತಾ ದೊಡ್ಡಮ್ಮ ಒಂದು ಮಾತು ಹೇಳಿದ್ರು. ನಗ್ತಾನೇ ಹೇಳಿದ್ರು.

"ನನ್ನ ಕೈ ಸತ್ತೋಗಿದೆ ಕಣಪ್ಪ. ಮೆಷಿನ್ನಿಗೆ ನಾನು ಬದುಕಿದೀನಿ ಅಂತ್ಲೇ ಗೊತ್ತಾಗಲ್ಲ."

ನನಗೆ ನಗು ಬರಲಿಲ್ಲ.

*

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಚರ್ಮದ ಬಗ್ಗೆ ಓದೋಕೆ ಕೂತೆ. ಪಿಯುಸಿಯಲ್ಲಿ ಬಯಾಲಜಿ ಓದಿದ್ದು ಮರೆತೇ ಹೋಗಿತ್ತು. ಆಗ ಪರೀಕ್ಷೆಗೆ ಅಂತ ಚಿತ್ರ ಬರೆದು ಹೆಸರು ಗುರುತಿಸಿದ್ದು ಬಿಟ್ರೆ ಅದು ನನ್ನದೇ ಮೈಮೇಲೆ ಇದೆ ಅಂತ ಯಾವತ್ತೂ ಅನಿಸಿರಲಿಲ್ಲ.

ನಮ್ಮ ದೇಹದ ಅತಿ ದೊಡ್ಡ ಅಂಗ ಚರ್ಮ. ದೊಡ್ಡವರಲ್ಲಿ ಬಿಚ್ಚಿ ಹಾಸಿದ್ರೆ ಸುಮಾರು ಎರಡು ಚದರ ಮೀಟರ್ ಹತ್ತಿರ ಬರುತ್ತೆ, ಒಂದು ಸಣ್ಣ ಚಾಪೆ ಅಂದುಕೊಳ್ಳಿ. ಅದರಲ್ಲಿ ಮೂರು ಅಂತಸ್ತು. ಮೇಲಿನದು ಎಪಿಡರ್ಮಿಸ್, ಹೊರಚರ್ಮ. ಅದರ ಕೆಳಗೆ ಡರ್ಮಿಸ್, ಒಳಚರ್ಮ. ಅದಕ್ಕೂ ಕೆಳಗೆ ಕೊಬ್ಬಿನ ಪದರ, ಹಾಸಿಗೆ ಇದ್ದ ಹಾಗೆ.

ನಾವು ಚಪ್ಪಲಿ, ಬೆಲ್ಟು, ತಮಟೆ ಅಂತ ಬಳಸೋ ತೊಗಲು ಇದೆಯಲ್ಲ, ಅದು ಪ್ರಾಣಿಯ ಒಳಚರ್ಮ. ಹದ ಮಾಡುವಾಗ ಮೇಲಿನ ಹೊರಚರ್ಮ ಕೂದಲ ಜೊತೆ ಹೋಗಿಬಿಡುತ್ತೆ, ಕೆಳಗಿನ ಕೊಬ್ಬನ್ನ ಕೆರೆದು ತೆಗೀತಾರೆ. ಉಳಿಯೋದು ಕೊಲಾಜೆನ್ ನಾರು ಹೆಣೆದುಕೊಂಡಿರೋ ನಡುವಿನ ಪದರ. ನಮ್ಮ ಚರ್ಮಕ್ಕೂ ಗಟ್ಟಿತನ ಕೊಡೋದು ಅದೇ. ರಕ್ತನಾಳ, ನರ, ಬೆವರಿನ ಗ್ರಂಥಿ, ಕೂದಲಿನ ಬೇರು, ಎಲ್ಲ ಇರೋದು ಅಲ್ಲೇ.

ಮೇಲಿನ ಹೊರಚರ್ಮದಲ್ಲಿ ಒಂದೇ ಒಂದು ರಕ್ತನಾಳ ಇಲ್ಲ. ಅದಕ್ಕೇ ಗೀಚಿದ್ರೆ ಕೆಲವು ಸಲ ಬಿಳಿ ಗೆರೆ ಮಾತ್ರ ಬೀಳುತ್ತೆ, ರಕ್ತ ಬರಲ್ಲ. ಅದಕ್ಕೆ ಊಟ ಕೆಳಗಿನ ಮನೆಯಿಂದಾನೇ ಜಿನುಗಿ ಬರಬೇಕು. ಹೊರಚರ್ಮದ ತಳದಲ್ಲಿ ಜೀವಕೋಶಗಳು ಹುಟ್ತಾನೇ ಇರ್ತವೆ. ಹುಟ್ಟಿದ್ದು ಮೇಲಕ್ಕೆ ತಳ್ಳಿಸಿಕೊಳ್ತಾ ಹೋಗುತ್ತೆ. ಹೋಗ್ತಾ ಹೋಗ್ತಾ ಕೆರಾಟಿನ್ ತುಂಬಿಕೊಂಡು, ಚಪ್ಪಟೆಯಾಗಿ, ಒಳಗಿನ ಜೀವ ಕಳಕೊಂಡು, ಕೊನೆಗೆ ಮೇಲೆ ಬಂದು ಉದುರಿ ಹೋಗುತ್ತೆ. ಈ ಪ್ರಯಾಣಕ್ಕೆ ಸುಮಾರು ಒಂದು ತಿಂಗಳು, ವಯಸ್ಸಾದವರಿಗೆ ಇನ್ನೂ ಜಾಸ್ತಿ. ಅಂದ್ರೆ ನೀವು ಇವತ್ತು ಮುಟ್ಟಿ ನೋಡಿಕೊಳ್ತಿರೋ ಚರ್ಮ ಎಲ್ಲಾ ಸತ್ತ ಕೋಶಗಳೇ. ದೊಡ್ಡಮ್ಮ ಹೇಳಿದ್ದು ಒಂದು ಲೆಕ್ಕದಲ್ಲಿ ಸರಿ. ಎಲ್ಲರ ಕೈಯೂ ಮೇಲೆ ಸತ್ತೇ ಇರುತ್ತೆ!

ಆ ಸತ್ತ ಪದರಾನೇ ನಮ್ಮ ಕೋಟೆ ಗೋಡೆ. ಕೋಶಗಳು ಇಟ್ಟಿಗೆ ಇದ್ದ ಹಾಗೆ, ಅವುಗಳ ಮಧ್ಯೆ ಇರೋ ಜಿಡ್ಡು ಗಾರೆ ಇದ್ದ ಹಾಗೆ. ಒಳಗಿನ ನೀರು ಹೊರಗೆ ಹೋಗದ ಹಾಗೆ, ಹೊರಗಿನ ವಿಷ ಒಳಗೆ ಬರದ ಹಾಗೆ ತಡೆಯೋದು ಇದು.

ದಪ್ಪ ಎಲ್ಲ ಕಡೆ ಒಂದೇ ಅಲ್ಲ. ಕಣ್ಣಿನ ರೆಪ್ಪೆ ಮೇಲೆ ಹೊರಚರ್ಮ ಬರೀ 0.05 ಮಿಲಿಮೀಟರ್. ಅಂಗೈ ಅಂಗಾಲಲ್ಲಿ ಸುಮಾರು ಒಂದೂವರೆ ಮಿಲಿಮೀಟರ್. ಬೇರೆ ಕಡೆ ಇಲ್ಲದ ಒಂದು ಪದರ ಕೂಡ ಅಂಗೈ ಅಂಗಾಲಲ್ಲಿ ಹೆಚ್ಚಿಗೆ ಇದೆ. ಪ್ರಕೃತಿಗೆ ಗೊತ್ತು, ದುಡಿಯೋ ಜಾಗ ಯಾವುದು ಅಂತ.

ಆದ್ರೆ ಇಲ್ಲೊಂದು ಎಡವಟ್ಟು. ಅಂಗೈಯಲ್ಲಿ ಕೂದಲು ಇಲ್ಲ, ಕೂದಲಿನ ಜೊತೆ ಇರೋ ಎಣ್ಣೆ ಗ್ರಂಥಿಯೂ ಇಲ್ಲ. ಬೆವರಿನ ಗ್ರಂಥಿ ಮಾತ್ರ ದಂಡಿಯಾಗಿ ಇವೆ. ತಲೆ, ಮುಖದಲ್ಲಿ ಜಿಡ್ಡು ತಾನಾಗೇ ಬರುತ್ತೆ. ಅಂಗೈಯ ಗಾರೆ ಒಂದು ಸಲ ತೊಳೆದುಹೋದ್ರೆ ಮೇಲಿಂದ ಎಣ್ಣೆ ಸುರಿಯೋರು ಯಾರೂ ಇಲ್ಲ. ಕ್ಯೂನಲ್ಲಿದ್ದ ಅಜ್ಜಿ "ತಲೆಗೆ ಉಜ್ಜಿಕೋ" ಅಂದಿದ್ದು ಯಾಕೆ ಅಂತ ಆಮೇಲೆ ಹೊಳೀತು. ತಲೆಯ ಜಿಡ್ಡನ್ನ ಬೆರಳಿಗೆ ಸಾಲ ಕೊಡೋದು! ಒಣಗಿದ ಬೆರಳು ಮೆಷಿನ್ನಿನ ಗಾಜಿಗೆ ಸರಿಯಾಗಿ ಅಂಟಲ್ಲ, ಗೆರೆ ಮಸುಕಾಗುತ್ತೆ. ಅಜ್ಜಿ ಪುಸ್ತಕ ಓದಿಲ್ಲ, ಆದ್ರೆ ಅವರಿಗೆ ಚರ್ಮದ ಶಾಸ್ತ್ರ ಗೊತ್ತಿತ್ತು.

*

ಈಗ ಬೆರಳಿನ ಗೆರೆಗೆ ಬರೋಣ.

ಈ ಗೆರೆಗಳು ಮೇಲಿನ ಅಲಂಕಾರ ಅಲ್ಲ. ಒಳಚರ್ಮ ಹೊರಚರ್ಮಕ್ಕೆ ಸೇರೋ ಗಡಿ ಸಮತಟ್ಟಾಗಿಲ್ಲ, ಉತ್ತ ಹೊಲದ ಸಾಲಿನ ಹಾಗೆ ಏರು ತಗ್ಗು ಇದೆ. ಆ ಸಾಲುಗಳ ಪ್ರಕಾರಾನೇ ಮೇಲೆ ಗೆರೆ ಮೂಡೋದು. ತಾಯಿ ಹೊಟ್ಟೇಲಿ ಮೂರನೇ ತಿಂಗಳ ಹೊತ್ತಿಗೆ ಶುರುವಾಗಿ ಆರನೇ ತಿಂಗಳ ಒಳಗೆ ಈ ನಕ್ಷೆ ಮುಗಿದುಹೋಗುತ್ತೆ. ಮೇಲೆ ಸಣ್ಣ ಗಾಯ ಆದ್ರೆ ಅದೇ ನಕ್ಷೆ ಮತ್ತೆ ಬರುತ್ತೆ, ಯಾಕಂದ್ರೆ ಅಚ್ಚು ಇರೋದು ಕೆಳಗೆ. ಅಮೆರಿಕದ ದರೋಡೆಕೋರ ಜಾನ್ ಡಿಲಿಂಜರ್ ಪೊಲೀಸರಿಂದ ತಪ್ಪಿಸಿಕೊಳ್ಳೋಕೆ ಬೆರಳಿನ ಗೆರೆ ಸುಡಿಸಿಕೊಂಡಿದ್ದ. 1934ರಲ್ಲಿ ಅವನು ಸತ್ತಾಗ ನೋಡಿದ್ರೆ ಗುರುತು ಹಿಡಿಯೋವಷ್ಟು ಗೆರೆ ಉಳಿದೇ ಇತ್ತು.

ಹಾಗಾದ್ರೆ ದರೋಡೆಕೋರ ಬೇಕು ಅಂತ ಸುಟ್ರೂ ಹೋಗದ ಗೆರೆ ನಮ್ಮ ದೊಡ್ಡಮ್ಮನದ್ದು ಹೇಗೆ ಹೋಯ್ತು?

ಉತ್ತರ ಶಿಡ್ಲಘಟ್ಟದಲ್ಲಿದೆ.

ದೊಡ್ಡಮ್ಮ ಹನ್ನೆರಡು ಹದಿಮೂರು ವರ್ಷದ ಹುಡುಗಿ ಆಗಿದ್ದಾಗಿಂದ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚೋ ಕೆಲಸ ಮಾಡಿದವರು. ಮದುವೆ ಆಗಿ ಮಂಡಿಕಲ್‌ಗೆ ಬರೋವರೆಗೂ ಅದೇ, ಬಂದ ಮೇಲೆ ಹಿಪ್ಪುನೇರಳೆ ತೋಟ, ಹುಳ, ಹೂವಿನ ಕೂಲಿ. ರೇಷ್ಮೆ ಗೂಡಿನ ಮಾರುಕಟ್ಟೆ ಅಂದ್ರೆ ರಾಮನಗರ ಆದಮೇಲೆ ಶಿಡ್ಲಘಟ್ಟದ್ದೇ ಹೆಸರು. ಊರೊಳಗೆ ಗಲ್ಲಿ ಗಲ್ಲಿಯಲ್ಲಿ ರೀಲಿಂಗ್ ಮನೆಗಳು. ಮಾಲೀಕರಲ್ಲಿ, ಕೆಲಸದವರಲ್ಲಿ ಬಹಳಷ್ಟು ಜನ ಮುಸ್ಲಿಮರು. ದೊಡ್ಡಮ್ಮನ ಬಾಯಲ್ಲಿ ಇವತ್ತಿಗೂ ನಾಲ್ಕು ಉರ್ದು ಮಾತು ಬರೋದು ಅಲ್ಲಿ ಕಲಿತದ್ದಕ್ಕೇ.

ಗೊತ್ತಿಲ್ಲದವರಿಗೆ ಕೆಲಸ ಹೇಗೆ ಅಂತ ಹೇಳ್ತೀನಿ. ರೇಷ್ಮೆ ಗೂಡಿನ ಎಳೆಯಲ್ಲಿ ಮುಕ್ಕಾಲು ಪಾಲು ಫೈಬ್ರಾಯಿನ್ ಅನ್ನೋ ನಿಜವಾದ ರೇಷ್ಮೆ, ಉಳಿದ ಕಾಲು ಪಾಲು ಸೆರಿಸಿನ್ ಅನ್ನೋ ಅಂಟು. ಗೂಡು ಬಿಚ್ಚಬೇಕಾದ್ರೆ ಅಂಟು ಮೆತ್ತಗಾಗಬೇಕು. ಅದಕ್ಕೆ ಗೂಡನ್ನ ಬಿಸಿ ನೀರಲ್ಲಿ ಬೇಯಿಸ್ತಾರೆ. ಬೇಯಿಸೋ ನೀರು 90 ಡಿಗ್ರಿ ದಾಟಿರುತ್ತೆ. ಹಳೇ ಚರಕದಲ್ಲಿ ಬೇಯಿಸೋದೂ ಬಿಚ್ಚೋದೂ ಒಂದೇ ಪಾತ್ರೇಲಿ. ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಿ, ಹಲವು ಗೂಡುಗಳ ಎಳೆ ಸೇರಿಸಿ ಒಂದು ನೂಲು ಮಾಡಬೇಕು. ಒಂದು ಎಳೆ ಕೂದಲಿಗಿಂತ ತೆಳು. ಕಣ್ಣಿಗೆ ಕಾಣೋದಕ್ಕಿಂತ ಬೆರಳಿಗೆ ಗೊತ್ತಾಗೋದೇ ಹೆಚ್ಚು. ಎಳೆ ಕಡಿದ್ರೆ ಮತ್ತೆ ಕೈ ನೀರಿಗೆ. ದಿನಕ್ಕೆ ಎಷ್ಟು ಸಲ ಅಂತ ಎಣಿಸಿದವರು ಯಾರು?

60 ಡಿಗ್ರಿ ನೀರು ಐದು ಸೆಕೆಂಡಲ್ಲಿ ಚರ್ಮ ಸುಡುತ್ತೆ. ಹಾಗಾಗಿ ಕೈ ಇಟ್ಟ ಹಾಗೆ, ತೆಗೆದ ಹಾಗೆ. ದೊಡ್ಡಮ್ಮ ಪಕ್ಕದಲ್ಲಿ ಒಂದು ತಣ್ಣೀರಿನ ಪಾತ್ರೆ ಇಟ್ಕೊಂಡಿರ್ತಿದ್ರಂತೆ. ಬಿಸಿ, ತಣ್ಣಗೆ, ಬಿಸಿ, ತಣ್ಣಗೆ. "ಗ್ಲೌಸ್ ಹಾಕ್ಕೋಬಹುದಿತ್ತಲ್ಲ ದೊಡ್ಡಮ್ಮ?" ಅಂತ ಕೇಳಿದೆ, ಪಟ್ಟಣದ ಜಾಣ ನಾನು. "ಗ್ಲೌಸ್ ಹಾಕ್ಕೊಂಡ್ರೆ ಎಳೆ ಸಿಗುತ್ತೇನಪ್ಪ?" ಅಂದ್ರು.

ಇದನ್ನ ಯೋಚನೆ ಮಾಡಿ. ಬೆರಳ ತುದಿಯ ಆ ಏರು ತಗ್ಗಿನ ಸಾಲಲ್ಲೇ ನವಿರಾದ ಸ್ಪರ್ಶ ತಿಳಿಯೋ ನರದ ತುದಿಗಳು ಕೂತಿರೋದು. ಎಳೆ ಸಿಗಬೇಕಾದ್ರೆ ಅವು ಬೇಕು. ಎಳೆ ಹುಡುಕೋ ಕೆಲಸಾನೇ ಅವುಗಳ ಮೇಲಿನ ಚರ್ಮವನ್ನ ತಿಂದುಹಾಕುತ್ತೆ. ಯಾವ ಉಪಕರಣದಿಂದ ಕೂಲಿ ಸಂಪಾದಿಸ್ತೀವೋ ಆ ಉಪಕರಣಾನೇ ಕೂಲಿಗೆ ಸವೆಯೋದು.

ಏನಾಗುತ್ತೆ ಅಂದ್ರೆ... ಬಿಸಿ ನೀರು ಇಟ್ಟಿಗೆ ನಡುವಿನ ಗಾರೆಯನ್ನ ಕರಗಿಸಿ ತೆಗೆಯುತ್ತೆ. ಸತ್ತ ಪದರ ನೀರು ಕುಡಿದು ಉಬ್ಬಿ ಬೆಳ್ಳಗಾಗುತ್ತೆ, ಸುಲಭವಾಗಿ ಕಿತ್ತುಬರುತ್ತೆ. (ನೀರಲ್ಲಿ ಬೆರಳು ಸುಕ್ಕಾಗೋದು ಬರೀ ನೀರು ಹೀರಿದ್ದಕ್ಕೆ ಅಲ್ಲ, ನರಗಳು ರಕ್ತನಾಳಗಳನ್ನ ಬಿಗಿ ಮಾಡೋದ್ರಿಂದ. ನರ ಕತ್ತರಿಸಿದ ಬೆರಳು ನೀರಲ್ಲಿ ಸುಕ್ಕಾಗಲ್ಲ. ಇದು ನನಗೆ ಹೊಸ ವಿಷಯ!) ಗೋಡೆ ಬಿದ್ದ ಮೇಲೆ ಸೆರಿಸಿನ್, ಬೆಂದ ಹುಳದ ರಸ, ಕೊಳೆತ ನೀರು ಎಲ್ಲ ಒಳಗೆ. ತುರಿಕೆ, ಗುಳ್ಳೆ, ಬಿರುಕು, ಕೀವು. ರಾತ್ರಿ ಮುದ್ದೆ ಮುರಿದು ಸಾರಲ್ಲಿ ಅದ್ದೋಕೆ ಆಗ್ತಿರಲಿಲ್ಲ, ಖಾರ ಉರಿಯುತ್ತಿತ್ತು, ಅವ್ವ ತಿನ್ನಿಸ್ತಿದ್ಲು ಅಂತ ದೊಡ್ಡಮ್ಮ ಹೇಳಿದ್ರು.

ಒಂದು ತಿಂಗಳು ರಜ ಸಿಕ್ಕಿದ್ರೆ ಚರ್ಮ ತನ್ನನ್ನ ತಾನೇ ಹೊಸದಾಗಿ ಕಟ್ಟಿಕೊಳ್ಳುತ್ತೆ. ನಕ್ಷೆ ಕೆಳಗೆ ಇದೆಯಲ್ಲ. ಆದ್ರೆ ಕೂಲಿಯವರಿಗೆ ಒಂದು ತಿಂಗಳ ರಜ ಯಾರು ಕೊಡ್ತಾರೆ? ಸವೆತ ಕಟ್ಟೋದಕ್ಕಿಂತ ವೇಗವಾಗಿ ನಡೆದ್ರೆ ಗೆರೆ ಮೇಲೆ ಬರೋದೇ ಇಲ್ಲ. ಗುಳ್ಳೆ, ಕೀವು ಒಳಚರ್ಮದ ತನಕ ಇಳಿದ ಕಡೆ ಕಲೆ ಕಟ್ಟುತ್ತೆ, ಅಲ್ಲಿ ನಕ್ಷೆಯೇ ಅಳಿಸಿಹೋಗುತ್ತೆ. ಡಿಲಿಂಜರ್ ಒಂದು ಸಲ ಸುಡಿಸಿಕೊಂಡ. ದೊಡ್ಡಮ್ಮ ವರ್ಷಗಟ್ಟಲೆ ದಿನಾ ಸುಟ್ಟುಕೊಂಡ್ರು. ಆಮೇಲೆ ಮಣ್ಣು, ಕಳೆ, ಪಾತ್ರೆ ಸೋಪು. ಅದರ ಮೇಲೆ ವಯಸ್ಸು. ವಯಸ್ಸಾದಂತೆ ಆ ಗಡಿಯ ಏರು ತಗ್ಗು ಚಪ್ಪಟೆ ಆಗ್ತಾ ಹೋಗುತ್ತೆ, ಚರ್ಮ ಒಣಗುತ್ತೆ, ಬಿಗುವು ಕಮ್ಮಿಯಾಗುತ್ತೆ.

ಹೆಚ್ಚು ಹೇಳ್ತಿದೀನಿ ಅಂತ ಅನಿಸಿದ್ರೆ, ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ಒಂದು ವರದಿ ತಂದಿತ್ತು. ಕರ್ನಾಟಕದ ರೀಲಿಂಗ್ ಮನೆಗಳಲ್ಲಿ ಬಿಸಿ ನೀರಿಗೆ ಕೈ ಹಾಕಿ ಸುಟ್ಟು ಗುಳ್ಳೆ ಎದ್ದ ಮಕ್ಕಳ ಕೈಗಳ ವಿವರ ಅದರಲ್ಲಿದೆ. ಆ ಮಕ್ಕಳು ಈಗ ನಮ್ಮ ನಿಮ್ಮ ಹಾಗೆ ದೊಡ್ಡವರಾಗಿ ಎಲ್ಲೋ ಯಾವುದೋ ಮೆಷಿನ್ನಿನ ಮುಂದೆ ಹೆಬ್ಬೆಟ್ಟು ಇಡ್ತಿರ್ತಾರೆ.

*

ಕನ್ನಡದಲ್ಲಿ "ಹೆಬ್ಬೆಟ್ಟು" ಅನ್ನೋದು ಒಂದು ಬೈಗುಳ ಅನ್ನೋದು ನಿಮಗೆಲ್ಲ ಗೊತ್ತು. ಓದು ಬರಹ ಬಾರದವರನ್ನ "ಅವನು ಹೆಬ್ಬೆಟ್ಟು" ಅಂತ ನಗಾಡ್ತಿದ್ವಿ. ಸಹಿ ಹಾಕೋಕೆ ಬಂದ್ರೆ ಮನುಷ್ಯ, ಇಲ್ಲದಿದ್ರೆ ಹೆಬ್ಬೆಟ್ಟು. ದೊಡ್ಡಮ್ಮ ಸಾಕ್ಷರತಾ ಆಂದೋಲನದ ಕಾಲದಲ್ಲಿ ಹಟ ಹಿಡಿದು ಸಹಿ ಮಾಡೋದು ಕಲಿತವರು. ವಕ್ರ ವಕ್ರ ಅಕ್ಷರ, ಆದ್ರೆ ಅವರದ್ದೇ. ಈಗ ಆ ಸಹಿ ಯಾರಿಗೂ ಬೇಡ. ಹೆಬ್ಬೆಟ್ಟು ಕೊಡು ಅಂತಾರೆ. ಸಹಿ ಇಲ್ಲದಾಗ ಸಹಿ ಕೇಳಿದ್ರು, ಹೆಬ್ಬೆಟ್ಟು ಸವೆದ ಮೇಲೆ ಹೆಬ್ಬೆಟ್ಟು ಕೇಳ್ತಾರೆ!

ಬೆರಳಚ್ಚಿನ ಕಥೆ ಶುರುವಾಗಿದ್ದೂ ನಮ್ಮ ದೇಶದಲ್ಲೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಅನ್ನೋ ಬ್ರಿಟಿಷ್ ಅಧಿಕಾರಿ ರಾಜ್ಯಧರ ಕೋನಾಯಿ ಅನ್ನೋ ಗುತ್ತಿಗೆದಾರನಿಂದ ರಸ್ತೆ ಸಾಮಾನಿನ ಒಪ್ಪಂದಕ್ಕೆ ಅಂಗೈಯ ಅಚ್ಚು ಒತ್ತಿಸಿಕೊಂಡ. ಆಮೇಲೆ "ಇದು ನನ್ನ ಸಹಿ ಅಲ್ಲ" ಅಂತ ಅವನು ಜಾರಿಕೊಳ್ಳದ ಹಾಗೆ ಹೆದರಿಸೋದು ಉದ್ದೇಶ. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚಿನ ಕಚೇರಿ ಬಂತು. ಅಲ್ಲಿ ವಿಂಗಡಣೆಯ ಲೆಕ್ಕ ಕಟ್ಟಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್, ಹೆಸರು ಉಳಿದಿದ್ದು ಅವರ ಮೇಲಧಿಕಾರಿ ಹೆನ್ರಿಯದ್ದು. ಅಂದ್ರೆ ಮೊದಲಿನಿಂದಲೂ ಬೆರಳಚ್ಚು ಅಂದ್ರೆ ಮೇಲಿನವರು ಕೆಳಗಿನವರನ್ನ ನಂಬದೇ ಇರೋದಕ್ಕೆ ಮಾಡಿಕೊಂಡ ಏರ್ಪಾಡು. ನಾನು ಆಧಾರ್ ಬೇಡವೇ ಬೇಡ ಅನ್ನೋ ಜನರ ಪೈಕಿ ಅಲ್ಲ. ಸುಳ್ಳು ಕಾರ್ಡುಗಳು ಇದ್ದವು, ಅಕ್ಕಿ ಕಾಳಸಂತೆಗೆ ಹೋಗ್ತಿತ್ತು, ನಿಜ. ಆದ್ರೆ ಕಳ್ಳನನ್ನ ಹಿಡಿಯೋಕೆ ಇಟ್ಟ ಬಲೆಯಲ್ಲಿ ಸಿಕ್ಕಿಹಾಕಿಕೊಳ್ಳೋದು ಹೆಚ್ಚು ದುಡಿದವರೇ ಆದ್ರೆ ಆ ಬಲೆಯಲ್ಲಿ ಏನೋ ದೋಷ ಇದೆ.

ಬೆರಳಚ್ಚು ಇಲ್ಲದಿರೋದು ಅಪರೂಪ ಅಂತ ಜಗತ್ತು ತಿಳಿದಿದೆ. ಹುಟ್ಟಿನಿಂದಲೇ ಬೆರಳ ಗೆರೆ ಇಲ್ಲದ ಸ್ವಿಟ್ಜರ್ಲೆಂಡಿನ ಒಂದು ಕುಟುಂಬದ ಬಗ್ಗೆ ವಿಜ್ಞಾನಿಗಳು ಅಧ್ಯಯನ ಮಾಡಿ 2011ರಲ್ಲಿ ಅದಕ್ಕೆ ಕಾರಣವಾದ ಜೀನ್ ಕಂಡುಹಿಡಿದ್ರು. ವಿಮಾನ ನಿಲ್ದಾಣದಲ್ಲಿ ತಡ ಆಗುತ್ತೆ ಅಂತ ಆ ತೊಂದರೆಗೆ "ವಲಸೆ ತಡೆ ಕಾಯಿಲೆ" ಅಂತ ತಮಾಷೆಯ ಹೆಸರೂ ಬಂತು. 2009ರಲ್ಲಿ ಸಿಂಗಪುರದ ಒಬ್ಬ ಕ್ಯಾನ್ಸರ್ ರೋಗಿಯ ಬೆರಳ ಗೆರೆ ಔಷಧಿಯಿಂದ ಹೋಗಿ ಅಮೆರಿಕದ ವಿಮಾನ ನಿಲ್ದಾಣದಲ್ಲಿ ಅವರನ್ನ ತಡೆದದ್ದು ವೈದ್ಯರ ಪತ್ರಿಕೆಯಲ್ಲೇ ಬಂತು. ವಿಮಾನ ಹತ್ತೋರ ಗೆರೆ ಹೋದ್ರೆ ಅದು ವೈದ್ಯಕೀಯ ಅಚ್ಚರಿ. ರೇಷನ್ ಕ್ಯೂನಲ್ಲಿ ನಿಲ್ಲೋರ ಗೆರೆ ಹೋದ್ರೆ "ನಾಳೆ ಬಾಮ್ಮ".

ಇದೇನು ಒಬ್ಬರಿಬ್ಬರ ಮಾತಲ್ಲ. 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಆಧಾರ್ ಪ್ರಾಧಿಕಾರವೇ ಬೆರಳಚ್ಚಿನಲ್ಲಿ ನೂರಕ್ಕೆ 6ರಷ್ಟು ಹೊಂದಾಣಿಕೆ ಆಗದೆ ಹೋಗುತ್ತೆ ಅಂತ ಒಪ್ಪಿಕೊಂಡಿತ್ತು. ಆ ಕೇಸಿನಲ್ಲಿ ಮೊದಲ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2024ರಲ್ಲಿ ತೀರಿಕೊಂಡರು. ನೂರಕ್ಕೆ ಆರು ಅಂದ್ರೆ ಕಮ್ಮಿ ಅಂತ ಕಾಣುತ್ತೆ. ಆದ್ರೆ ಆ ಆರು ಯಾರು? ಲಾಟರಿ ಎತ್ತಿದ ಹಾಗೆ ಬೀಳೋ ಆರಲ್ಲ ಅದು. ಕೀಬೋರ್ಡ್ ಒತ್ತೋ ನನ್ನ ಬೆರಳು ಒಂದೇ ಏಟಿಗೆ ಸರಿಹೋಗುತ್ತೆ. ಬೀಳೋದು ಮುದುಕರು, ಕಲ್ಲು ಒಡೆಯೋರು, ಇಟ್ಟಿಗೆ ಗೂಡಿನವರು, ಗಾರೆ ಕೆಲಸದವರು, ಪಾತ್ರೆ ತೊಳೆಯೋರು, ನೂಲು ಬಿಚ್ಚೋರು. ಯಾರಿಗೆ ಅಕ್ಕಿ ಹೆಚ್ಚು ಬೇಕೋ ಅವರ ಬೆರಳೇ ಹೆಚ್ಚು ಸವೆದಿರುತ್ತೆ. ಇದನ್ನ ತಾಂತ್ರಿಕ ದೋಷ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ.

*

ಕಾಗದದ ಮೇಲೆ ದಾರಿ ಇದೆ. ಅದನ್ನೂ ಹೇಳಬೇಕು, ಯಾಕಂದ್ರೆ ಬಹಳ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. 2017ರ ಅಕ್ಟೋಬರ್‌ನಲ್ಲಿ ಆಧಾರ್ ಪ್ರಾಧಿಕಾರ ಒಂದು ಸುತ್ತೋಲೆ ಹೊರಡಿಸಿತು. ಬೆರಳಚ್ಚು ಹೊಂದಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರಿಗೂ ಪಡಿತರ ನಿಲ್ಲಿಸಬಾರದು. ಕಣ್ಣಿನ ಪಾಪೆಯ ಗುರುತು ನೋಡಬೇಕು, ಮೊಬೈಲಿಗೆ ಬರೋ ಒಟಿಪಿ ನೋಡಬೇಕು, ಕಾರ್ಡಿನಲ್ಲಿರೋ ಮನೆಯ ಬೇರೆಯವರ ಬೆರಳು ತಗೋಬೇಕು. ಯಾವುದೂ ಆಗದಿದ್ರೆ ಪುಸ್ತಕದಲ್ಲಿ ಬರೆದುಕೊಂಡು ಕೊಡಬೇಕು.

ದೊಡ್ಡಮ್ಮನ ಲೆಕ್ಕಕ್ಕೆ ಇದನ್ನ ಹಚ್ಚಿ ನೋಡಿ. ಕಾರ್ಡಿನಲ್ಲಿ ಇರೋದು ಒಂದೇ ಹೆಸರು. ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ತೀರಿಹೋದ ದೊಡ್ಡಪ್ಪನದ್ದು, ಸಿಮ್ ಯಾವತ್ತೋ ಸತ್ತಿದೆ. ಕಣ್ಣಿನ ಮೆಷಿನ್ ಅಂಗಡಿಯಲ್ಲಿ ಕಾಣಲಿಲ್ಲ. ಉಳಿದಿದ್ದು ಪುಸ್ತಕ. ಪುಸ್ತಕದಲ್ಲಿ ಬರೆದು ಕೊಟ್ರೆ ನಾಳೆ ಮೇಲಿನವರು ನನ್ನನ್ನೇ ಕಳ್ಳ ಅಂತಾರೆ ಅನ್ನೋ ಭಯ ಅಂಗಡಿಯವನಿಗೆ. ಅವನ ಭಯವೂ ಸುಳ್ಳಲ್ಲ.

ಮರುದಿನ ನಾನು ರಜ ಹಾಕಿ ಉಳಿದೆ. ದೊಡ್ಡಮ್ಮನ ಬೆರಳಿಗೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಒರೆಸಿ, ಹತ್ತೂ ಬೆರಳನ್ನ ಒಂದೊಂದಾಗಿ ಇಡಿಸಿದ್ವಿ. ಎಡಗೈಯ ಕಿರುಬೆರಳು ಹಿಡೀತು! ನೂಲು ಬಿಚ್ಚೋವಾಗ ಅತಿ ಕಮ್ಮಿ ನೀರಿಗೆ ಬೀಳ್ತಿದ್ದ ಬೆರಳು ಅದೇ ಅಂತ ದೊಡ್ಡಮ್ಮನೇ ಹೇಳಿದ್ರು. ಅಕ್ಕಿ ಬಂತು. ವಾಪಸ್ ಬರ್ತಾ ಕಿರುಬೆರಳನ್ನ ಎತ್ತಿ ಎತ್ತಿ ತೋರಿಸಿಕೊಂಡು ನಗ್ತಿದ್ರು. ಆದ್ರೆ ಬೆಂಗಳೂರಿಂದ ಒಬ್ಬ ಬಂದು ರಜ ಹಾಕಿ ಹತ್ತು ಬೆರಳು ಇಡಿಸೋವರೆಗೂ ಅವರ ಪಾಲಿನ ಅಕ್ಕಿ ಅವರಿಗಿಲ್ಲ ಅಂದ್ರೆ ಅದಕ್ಕೆ ಹಕ್ಕು ಅಂತ ಹೆಸರು ಯಾಕೆ?

ನನ್ನ ಅಭಿಪ್ರಾಯ ಇಷ್ಟು.

ಒಂದು, ಬೆರಳು ಹೊಂದದಿದ್ರೆ ಬೇರೆ ದಾರಿ ಅನ್ನೋದು ಅಂಗಡಿಯವನ ದಯೆ ಆಗಬಾರದು. ಎರಡು ಮೂರು ಸಲ ಆಗಲಿಲ್ಲ ಅಂದ್ರೆ ಮೆಷಿನ್ ತಾನೇ ಮುಂದಿನ ದಾರಿಗೆ ಹೋಗಬೇಕು, ಅಂಗಡಿಯವನ ಮೇಲೆ ಅನುಮಾನ ಬರಬಾರದು. "ನಾಳೆ ಬಾ" ಅನ್ನೋ ಮಾತಿಗೆ ಜಾಗ ಇರಬಾರದು.

ಎರಡು, ಕೈ ಹಾಳಾಗೋದನ್ನ ಕಾಯಿಲೆ ಅಂತ ಒಪ್ಪಿಕೊಳ್ಳಬೇಕು. 1948ರ ಕಾರ್ಖಾನೆ ಕಾಯ್ದೆಯ ಕಾಯಿಲೆ ಪಟ್ಟಿಯಲ್ಲಿ ರಾಸಾಯನಿಕ, ಬಣ್ಣ ಮುಟ್ಟಿ ಬರೋ ಚರ್ಮದ ಉರಿಯೂತ ಇತ್ತು. ಆದ್ರೆ ಆ ಕಾಯ್ದೆ ಅನ್ವಯಿಸೋಕೆ ಕರೆಂಟ್ ಇರೋ ಕಡೆ ಹತ್ತು ಜನ ಕೆಲಸದವರು ಬೇಕಿತ್ತು. 2020ರ ಹೊಸ ಸಂಹಿತೆ ಅದನ್ನ ಇಪ್ಪತ್ತಕ್ಕೆ ಏರಿಸಿತು. ನಮ್ಮ ಗಲ್ಲಿಯ ರೀಲಿಂಗ್ ಮನೇಲಿ ನಾಲ್ಕೋ ಆರೋ ಜನ. ಲೆಕ್ಕಕ್ಕೇ ಬರದ ಕೈಗಳು.

ಮೂರು, ಮೆಷಿನ್ ಬೈಯೋನಾದ್ರೂ ಎಲ್ಲ ಮೆಷಿನ್ನನ್ನೂ ಬೈಯಲ್ಲ. ಈಗ ಬಂದಿರೋ ಆಟೊಮ್ಯಾಟಿಕ್ ರೀಲಿಂಗ್ ಮೆಷಿನ್‌ಗಳಲ್ಲಿ ಗೂಡು ಬೇಯಿಸೋದು ಬೇರೆ, ತುದಿ ಹುಡುಕೋಕೆ ಬ್ರಷ್. ಕೈ ಬಿಸಿ ನೀರಿಗೆ ಹೋಗೋದು ತುಂಬಾ ಕಮ್ಮಿ. ಆದ್ರೆ ಅದಕ್ಕೆ ದೊಡ್ಡ ಬಂಡವಾಳ ಬೇಕು, ಒಂದೇ ಸಮನಾದ ಒಳ್ಳೇ ದ್ವಿತಳಿ ಗೂಡು ಬೇಕು. ಸಣ್ಣವರಿಗೆ ಎಟುಕಲ್ಲ, ಎಟುಕಿದ ಕಡೆ ಕೆಲಸದವರ ಸಂಖ್ಯೆ ಇಳಿಯುತ್ತೆ. ಕೈ ಉಳಿಯುತ್ತೆ, ಕೂಲಿ ಹೋಗುತ್ತೆ. ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಆದ್ರೆ ಸಬ್ಸಿಡಿ ಕೊಡೋವಾಗ ಎಷ್ಟು ಕೇಜಿ ನೂಲು ಅಂತ ಮಾತ್ರ ಕೇಳದೆ, ಎಷ್ಟು ಜನರ ಕೈ ನೀರಿಂದ ಹೊರಗೆ ಬಂತು ಅಂತಲೂ ಕೇಳಬಹುದಲ್ಲ?

ಮದುವೆಗೆ ಅಂತ ನಮ್ಮ ಮನೇಲೂ ರೇಷ್ಮೆ ಸೀರೆ ತಗೊಂಡಿದೀವಿ, ನಿಮ್ಮ ಮನೇಲೂ ತಗೊಂಡಿರ್ತೀರಿ. ಸೀರೆ ಮುಟ್ಟಿ ನೋಡಿ "ಎಷ್ಟು ನುಣುಪು" ಅಂತೀವಿ. ಆ ನುಣುಪು ತಿಳಿಯೋದು ನಮ್ಮ ಬೆರಳ ತುದಿಯ ಗೆರೆಯಿಂದ. ಅದನ್ನ ಬಿಚ್ಚಿದವರ ಬೆರಳಿಗೆ ಆ ಗೆರೆ ಇಲ್ಲ. ಬೇಕಿದ್ರೆ ಸೀರೆ ಉಡೋದು ಬಿಡಿ ಅಂತ ನಾನು ಹೇಳ್ತಿಲ್ಲ, ಉಟ್ಟುಕೊಳ್ಳಿ, ಉಟ್ಟರೇ ಅವರಿಗೆ ಕೂಲಿ. ಆದ್ರೆ ಮುಂದಿನ ಸಲ ರೇಷನ್ ಅಂಗಡಿ ಕ್ಯೂನಲ್ಲೋ ಬ್ಯಾಂಕಿನಲ್ಲೋ ನಿಮ್ಮ ಮುಂದೆ ಒಬ್ಬ ಅಜ್ಜಿಯ ಹೆಬ್ಬೆಟ್ಟು ಹಿಡೀದೆ ತಡ ಆದಾಗ ಗೊಣಗಬೇಡಿ. ಬೇರೆ ಬೆರಳು ಇಡಿಸಿ ನೋಡಿ. ಮೊಬೈಲ್ ನಂಬರ್ ಸರಿ ಇದೆಯಾ ಕೇಳಿ, ಇಲ್ಲದಿದ್ರೆ ಆಧಾರ್ ಕೇಂದ್ರಕ್ಕೆ ಕರ್ಕೊಂಡು ಹೋಗಿ ಸರಿ ಮಾಡಿಸಿ, ಬೆರಳಚ್ಚನ್ನೂ ಹೊಸದಾಗಿ ಕೊಡಿಸಿ. ನಾನು ದೊಡ್ಡಮ್ಮನಿಗೆ ಈ ವಾರ ಅದನ್ನೇ ಮಾಡಿಸಬೇಕು ಅಂತಿದೀನಿ.

ನಾಚಿಕೆ ಇಲ್ಲದವರನ್ನ ಎಮ್ಮೆ ಚರ್ಮದವರು ಅಂತೀವಿ. ಈ ವಿಷಯದಲ್ಲಿ ಆ ಮಾತು ಯಾರಿಗೆ ಹೊಂದುತ್ತೆ ಅಂತ ನೀವೇ ಹೇಳಿ. ದೊಡ್ಡಮ್ಮನ ಕೈಯಂತೂ ಅಲ್ಲ, ಅದು ತುಂಬಾ ತೆಳ್ಳಗಾಗಿದೆ.

ನಿಮ್ಮ ಊರುಗಳಲ್ಲಿ ಹೇಗಿದೆ? ಬೀಡಿ ಕಟ್ಟೋರ, ಗೋಡಂಬಿ ಸುಲಿಯೋರ, ಕಾಫಿ ತೋಟದವರ ಬೆರಳು ಮೆಷಿನ್ನಿಗೆ ಹಿಡಿಯುತ್ತಾ? ಗೊತ್ತಿದ್ದವರು ಬರೀರಿ. ಮುಂದಿನ ಸಲ ಮಂಡಿಕಲ್‌ಗೆ ಹೋದಾಗ ದೊಡ್ಡಮ್ಮನಿಗೆ ಓದಿ ಹೇಳ್ತೀನಿ.